ಎಂಬೆಡೆಡ್ ಕಲಿಯಲು ಯಾವ ದಾರಿ: ಸಿ-ಡ್ಯಾಕ್, ಖಾಸಗಿ ಇನ್‌ಸ್ಟಿಟ್ಯೂಟ್, ಎನ್‌ಪಿಟೆಲ್, ಇಲ್ಲಾ ಮನೆಯಲ್ಲೇ ಒಂದು ಬೋರ್ಡ್?

ಎಂಬೆಡೆಡ್ ಎಂದರೆ ಯಂತ್ರ, ಉಪಕರಣಗಳ ಒಳಗೆ ಕೂತು ಅವನ್ನು ನಡೆಸುವ ಪುಟ್ಟ ಕಂಪ್ಯೂಟರ್. ಬೆಂಗಳೂರಿನ ಎಂಬೆಡೆಡ್ ಕೋರ್ಸ್‌ಗಳ ಬ್ರೋಷರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ಹೆಚ್ಚೂಕಮ್ಮಿ ಒಂದೇ ಪಟ್ಟಿ. ಸಿ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್, ಆರ್ಮ್ ಪ್ರೊಸೆಸರ್, ಆರ್‌ಟಿಓಎಸ್ (ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಪುಟ್ಟ ಆಪರೇಟಿಂಗ್ ಸಿಸ್ಟಮ್), ಲಿನಕ್ಸ್ ಡ್ರೈವರ್, ಐಓಟಿ, ಕೊನೆಗೊಂದು ಪ್ರಾಜೆಕ್ಟ್. ಆರು ತಿಂಗಳು ಓದಿಸುವವರದ್ದೂ ಅದೇ, ಆರು ವಾರದಲ್ಲಿ ಮುಗಿಸುವವರದ್ದೂ ಅದೇ. ಸಿಲಬಸ್ ಹೋಲಿಸಿ ಕೋರ್ಸ್ ಆರಿಸಲು ಹೊರಟರೆ ತಲೆ ಕೆಡುತ್ತದೆ, ಅಷ್ಟೇ.

ನಾನು ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಓಡುವ ಸಾಫ್ಟ್‌ವೇರ್ ಕೆಲಸ ಮಾಡುವವನು. ಹೊಸಬರ ಇಂಟರ್‌ವ್ಯೂಗಳಲ್ಲೂ ಕೂರುತ್ತೇನೆ. ಅಲ್ಲಿ ಎದ್ದು ಕಾಣುವುದು ಸರ್ಟಿಫಿಕೇಟ್ ಯಾವುದು ಎನ್ನುವುದಲ್ಲ. ಕೆಲಸ ಮಾಡದ ಬೋರ್ಡಿನ ಮುಂದೆ ಕೂತು, ತಾವೇ ಕಾರಣ ಹುಡುಕಿದವರು ಎರಡೇ ನಿಮಿಷದಲ್ಲಿ ಗೊತ್ತಾಗುತ್ತಾರೆ. ಮೇಷ್ಟ್ರು ಕೊಟ್ಟ ಕೋಡ್ ಹಾಕಿ, ಓಡಿತು ಎಂದು ಮನೆಗೆ ಹೋದವರೂ ಅಷ್ಟೇ ಬೇಗ ಗೊತ್ತಾಗುತ್ತಾರೆ. ಹಾಗಾಗಿ ಈ ಬರಹದಲ್ಲಿ ಎಲ್ಲ ದಾರಿಗಳನ್ನೂ ಒಂದೇ ಅಳತೆಯಿಂದ ನೋಡುತ್ತೇನೆ: ಅಲ್ಲಿ ನಿಮ್ಮ ಕೈಗೆ ಬೋರ್ಡ್ ಕೊಟ್ಟು, ಅದು ಕೈಕೊಟ್ಟಾಗ ನಿಮ್ಮನ್ನೇ ಡೀಬಗ್ ಮಾಡಲು ಬಿಡುತ್ತಾರಾ? ಫೀ, ಅವಧಿ, ಪ್ಲೇಸ್‌ಮೆಂಟ್ ಎಲ್ಲ ಆಮೇಲೆ.

ಡೆಮೊ ಕ್ಲಾಸಿನಲ್ಲಿ ಮಾಡಬಹುದಾದ ಒಂದು ಪರೀಕ್ಷೆ

ಡೆಮೊ ಕ್ಲಾಸಿಗೆ ಹೋದರೆ ಎಲ್‌ಇಡಿ ಮಿಣುಕಿಸುವ ಪ್ರೋಗ್ರಾಂ ತೋರಿಸಿಯೇ ತೋರಿಸುತ್ತಾರೆ. ಆಗ ವಿನಯದಿಂದ ಒಂದು ಮಾತು ಕೇಳಿ: "ಜಿಪಿಐಓಗೆ ಕ್ಲಾಕ್ ಕೊಡುವ ಆ ಒಂದು ಸಾಲನ್ನು ಕಾಮೆಂಟ್ ಮಾಡಿ ಓಡಿಸೋಣವಾ?" ಜಿಪಿಐಓ ಎಂದರೆ ಎಲ್‌ಇಡಿಯಂಥವನ್ನು ಜೋಡಿಸುವ ಪಿನ್‌ಗಳನ್ನು ನಡೆಸುವ ಚಿಪ್ಪಿನ ಭಾಗ, ಕ್ಲಾಕ್ ಇಲ್ಲದೆ ಅದು ಕೆಲಸ ಮಾಡದು.

ಎಸ್‌ಟಿಎಂ32 ಬೋರ್ಡ್ ಆದರೆ ಯಾವ ಗಲಾಟೆಯೂ ಆಗುವುದಿಲ್ಲ. ರಿಜಿಸ್ಟರ್‌ಗೆ, ಅಂದರೆ ಚಿಪ್ಪಿನೊಳಗಿನ ಪುಟ್ಟ ಮೆಮೊರಿ ಜಾಗಕ್ಕೆ, ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಓದಿದರೆ ಸೊನ್ನೆ ಬರುತ್ತದೆ. ಎಲ್‌ಇಡಿ ಹತ್ತುವುದಿಲ್ಲ. ಪ್ರೋಗ್ರಾಂ ಮಾತ್ರ ತನಗೇನೂ ಗೊತ್ತಿಲ್ಲ ಎನ್ನುವಂತೆ ಓಡುತ್ತಲೇ ಇರುತ್ತದೆ. ಇದೇ ತಪ್ಪನ್ನು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂ4ಸಿ123 ಬೋರ್ಡಿನಲ್ಲಿ ಮಾಡಿದರೆ ಪ್ರೊಸೆಸರ್ ನೇರವಾಗಿ ಹಾರ್ಡ್‌ಫಾಲ್ಟ್ ಎಂಬ ತಪ್ಪಿನ ಸ್ಥಿತಿಗೆ ಹೋಗಿ ನಿಲ್ಲುತ್ತದೆ. ಎಸ್‌ಟಿಎಂ32ಎಫ್4 ತೆಗೆದುಕೊಂಡರೆ ಎರಡರೊಳಗೂ ಇರುವುದು ಆರ್ಮ್‌ನ ಕಾರ್ಟೆಕ್ಸ್-ಎಂ4 ಕೋರೇ. ಕೋರ್ ಒಂದೇ ಆದರೂ ಸುತ್ತ ಕಟ್ಟಿದ ಚಿಪ್ ಬೇರೆ, ಅದರ ನಡವಳಿಕೆಯೂ ಬೇರೆ. "ಆರ್ಮ್ ಕಲಿಸುತ್ತೇವೆ" ಎಂಬ ಮಾತಿನಲ್ಲಿ ಎಷ್ಟು ವಿಷಯ ಬಿಟ್ಟುಹೋಗಿದೆ ಎಂಬುದು ಈ ಒಂದು ಸಾಲಿನಿಂದ ಗೊತ್ತಾಗುತ್ತದೆ, ಅಲ್ವಾ?

ಹಾರ್ಡ್‌ಫಾಲ್ಟ್ ಬಂದ ಮೇಲೆ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಫಾಲ್ಟ್ ಆದಾಗ ಪ್ರೊಸೆಸರ್ ತಾನಾಗಿಯೇ ಎಂಟು ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ಹಾಕುತ್ತದೆ: ಆರ್0ರಿಂದ ಆರ್3, ಆರ್12, ಎಲ್‌ಆರ್, ಪಿಸಿ, ಎಕ್ಸ್‌ಪಿಎಸ್‌ಆರ್. ಫ್ಲೋಟಿಂಗ್ ಪಾಯಿಂಟ್ ಬಳಸುತ್ತಿದ್ದರೆ ಇನ್ನೂ ಜಾಸ್ತಿ. ಅಲ್ಲಿಂದ ಪಿಸಿಯ (ಪ್ರೋಗ್ರಾಂ ಎಲ್ಲಿತ್ತು ಎಂದು ಹೇಳುವ ರಿಜಿಸ್ಟರ್) ಬೆಲೆ ತೆಗೆದು, ಮ್ಯಾಪ್ ಫೈಲಿನಲ್ಲಿ (ಯಾವ ಫಂಕ್ಷನ್ ಯಾವ ವಿಳಾಸದಲ್ಲಿದೆ ಎಂಬ ಪಟ್ಟಿ) ಹುಡುಕಿ, "ಇಗೋ, ಈ ಫಂಕ್ಷನ್‌ನಲ್ಲಿ ಬಿದ್ದಿದೆ" ಎಂದು ತೋರಿಸುವ ಮೇಷ್ಟ್ರು ಸಿಕ್ಕರೆ ಆ ಕ್ಲಾಸಿನಲ್ಲಿ ಕೂರಬಹುದು. ಬರೆಯುವಾಗ ಆದ ಫಾಲ್ಟ್ ಆಗಿದ್ದರೆ ಪಿಸಿ ಒಂದೆರಡು ಇನ್‌ಸ್ಟ್ರಕ್ಷನ್ ಮುಂದೆ ತೋರಿಸಬಹುದು ಎಂದೂ ಹೇಳಿದರೆ ಇನ್ನೂ ಒಳ್ಳೆಯದು. ರೀಸೆಟ್ ಒತ್ತಿ, ಕಾಮೆಂಟ್ ತೆಗೆದು, "ಇದೆಲ್ಲ ಅಡ್ವಾನ್ಸ್ಡ್, ಆಮೇಲೆ ನೋಡೋಣ" ಎಂದರೆ ಆ ಆಮೇಲೆ ಬರುವುದಿಲ್ಲ.

ಇನ್ನೊಂದು ಗುರುತು ಬೋರ್ಡಿನ ಮೇಲೆಯೇ ಇರುತ್ತದೆ. ಬ್ರೋಷರ್‌ನಲ್ಲಿ ಆರ್ಮ್ ಎಂದಿದ್ದು, ಲ್ಯಾಬಿನಲ್ಲಿ ಎಲ್‌ಪಿಸಿ2148 ಇದ್ದರೆ ಅದು ಆರ್ಮ್7 ಕಾಲದ ಚಿಪ್. ಕಾರ್ಟೆಕ್ಸ್-ಎಂ3 ಕೋರ್ ಹೊರಬಂದದ್ದು 2004ರಲ್ಲಿ. ಅಲ್ಲಿಂದ ಮುಂದೆ ಇಂಟರಪ್ಟ್ (ಹಾರ್ಡ್‌ವೇರ್ ಪ್ರೊಸೆಸರನ್ನು ನಡುವೆ ತಡೆದು ಕರೆಯುವುದು) ನಡೆಸುವ ಪದ್ಧತಿಯೇ ಬದಲಾಯಿತು, ಅದಕ್ಕೆಂದೇ ಎನ್‌ವಿಐಸಿ ಎಂಬ ಭಾಗ ಬಂತು. ಹಳೆಯ ಚಿಪ್ಪಿನಲ್ಲಿ ಕಲಿತ ಇಂಟರಪ್ಟ್ ಪಾಠವನ್ನು ಕೆಲಸಕ್ಕೆ ಸೇರಿದ ಮೇಲೆ ಮರೆತು ಹೊಸದಾಗಿ ಕಲಿಯಬೇಕಾಗುತ್ತದೆ. ವಿಟಿಯುನಲ್ಲಿ ಓದಿದವರು ಎಷ್ಟೋ ಜನ ಎಲ್‌ಪಿಸಿ1768 ಬೋರ್ಡ್ ಮುಟ್ಟಿರುತ್ತೀರಿ. ಅದು ಕಾರ್ಟೆಕ್ಸ್-ಎಂ3. ಅಂದರೆ ದುಡ್ಡು ಕೊಟ್ಟು ಸೇರುವ ಕೋರ್ಸ್ ನಿಮ್ಮ ಕಾಲೇಜು ಲ್ಯಾಬಿಗಿಂತ ಹಿಂದಿರಬಾರದು.

8051 ಅನ್ನು ಬೈಯುವುದು ಈಗ ಫ್ಯಾಷನ್. ನಾನು ಬೈಯುವುದಿಲ್ಲ. 1980ರ ಆ ಚಿಪ್ಪಿನಲ್ಲಿ ಟೈಮರ್, ಇಂಟರಪ್ಟ್, ಸೀರಿಯಲ್ ಪೋರ್ಟ್ ಮೂರನ್ನೂ ತಲೆಯಲ್ಲಿ ಪೂರ್ತಿ ಇಟ್ಟುಕೊಳ್ಳಬಹುದು. ಕೆಲವು ವಾರ ಅದರಲ್ಲಿ ಕಳೆದರೆ ನಷ್ಟವಿಲ್ಲ. ಆರು ತಿಂಗಳ ಕೋರ್ಸಿನಲ್ಲಿ ಅರ್ಧ ಅದೇ ಆದರೆ ಮಾತ್ರ ಎದ್ದು ಬನ್ನಿ.

ಸಿ-ಡ್ಯಾಕ್ ಮತ್ತು ಖಾಸಗಿ ಇನ್‌ಸ್ಟಿಟ್ಯೂಟ್

ಡಿಗ್ರಿ ಮುಗಿಸಿ, ಇನ್ನೂ ಕೆಲಸ ಸಿಗದೆ, ಪೂರ್ತಿ ದಿನ ಕೊಡಬಲ್ಲವರಿಗೆ ನಿಜವಾದ ಆಯ್ಕೆ ಈ ಎರಡರ ನಡುವೆ.

ಸಿ-ಡ್ಯಾಕ್ ಕೇಂದ್ರ ಸರ್ಕಾರದ ಸಂಸ್ಥೆ, 1988ರಲ್ಲಿ ಶುರುವಾದದ್ದು. ಅದರ ಎಂಬೆಡೆಡ್ ಪಿಜಿ ಡಿಪ್ಲೊಮಾವನ್ನು ಎಲ್ಲರೂ ಡೆಸ್ಡ್ ಎಂದೇ ಕರೆಯುತ್ತಾರೆ. ಸುಮಾರು 24 ವಾರ, 900 ಗಂಟೆ, ಬೆಳಗ್ಗೆಯಿಂದ ಸಂಜೆವರೆಗೆ. ಒಳಗೆ ಹೋಗಲು ಸಿ-ಕ್ಯಾಟ್ ಪರೀಕ್ಷೆ ಬರೆಯಬೇಕು. ಅದರಲ್ಲಿ ಎ, ಬಿ, ಸಿ ಎಂದು ಮೂರು ಸೆಕ್ಷನ್. ಸಾಫ್ಟ್‌ವೇರ್ ಕೋರ್ಸ್‌ಗಳಿಗೆ ಎ ಮತ್ತು ಬಿ ಸಾಕು, ಎಂಬೆಡೆಡ್‌ನಂಥ ಹಾರ್ಡ್‌ವೇರ್ ಕಡೆಯ ಕೋರ್ಸ್‌ಗಳಿಗೆ ಸಿ ಕೂಡ ಬರೆಯಲೇಬೇಕು. ಡಿಜಿಟಲ್ ಎಲೆಕ್ಟ್ರಾನಿಕ್ಸ್, ಮೈಕ್ರೊಪ್ರೊಸೆಸರ್, ಕಂಪ್ಯೂಟರ್ ಆರ್ಕಿಟೆಕ್ಚರ್ ಇರುವುದು ಅಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸುಮ್ನೆ ಟಿಕ್ ಹಾಕಬೇಡಿ. ಫೀ ಟ್ಯಾಕ್ಸ್ ಸೇರಿ ಲಕ್ಷದ ಆಸುಪಾಸು ಬರುತ್ತದೆ. ಊಟ, ವಸತಿ ಬೇರೆ.

ಇಲ್ಲಿ ನನಗೆ ಹಿಡಿಸುವುದು ಜೊತೆಗಾರರು. ಪರೀಕ್ಷೆ ದಾಟಿ ಬಂದವರಾದ್ದರಿಂದ ಪಕ್ಕದ ಸೀಟಿನಲ್ಲಿ ಕೂತವರಿಗೂ ಪಾಯಿಂಟರ್ ಗೊತ್ತಿರುತ್ತದೆ. ರಾತ್ರಿ ಹಾಸ್ಟೆಲಿನಲ್ಲಿ ನಡೆಯುವ ಚರ್ಚೆಯೇ ಅರ್ಧ ಕೋರ್ಸ್. ಎಲ್ಲ ಕೇಂದ್ರಗಳಿಗೂ ಸೇರಿ ಕ್ಯಾಂಪಸ್ ಪ್ಲೇಸ್‌ಮೆಂಟ್ ನಡೆಸುತ್ತಾರೆ, ಕಂಪನಿಗಳಿಗೂ ಆ ಹೆಸರು ಪರಿಚಿತ. ಹಿಡಿಸದ್ದು ವೇಗ. ಸಿ ಭಾಷೆಯಿಂದ ಶುರುವಾಗಿ ಮೈಕ್ರೊಕಂಟ್ರೋಲರ್, ಆರ್‌ಟಿಓಎಸ್ ದಾಟಿ ಲಿನಕ್ಸ್ ಡ್ರೈವರ್‌ವರೆಗೆ ಆರು ತಿಂಗಳೊಳಗೆ ಓಡುತ್ತಾರೆ. ಸಿ ಗಟ್ಟಿ ಇಲ್ಲದೆ ಹೋದವರು ಮೊದಲ ತಿಂಗಳಲ್ಲೇ ಹಿಂದೆ ಬೀಳುತ್ತಾರೆ. ಆಮೇಲೆ ಹಿಡಿಯುವುದು ಕಷ್ಟ. ಇನ್ನೊಂದು ಮಾತು: ಕೇಂದ್ರದಿಂದ ಕೇಂದ್ರಕ್ಕೆ ಗುಣಮಟ್ಟ ಬೇರೆ. ರ್‍ಯಾಂಕ್ ಬಂದ ಮೇಲೆ ಕೇಂದ್ರ ಆರಿಸುವಾಗ ಊರು ಹತ್ತಿರ ಎಂದು ನೋಡದೆ, ಹಿಂದಿನ ಬ್ಯಾಚಿನವರನ್ನು ಹುಡುಕಿ ಕೇಳಿ.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ. ಕಲ್ಲಿಕೋಟೆಯ ನೈಲಿಟ್ ಬಹಳ ಕಾಲದಿಂದ ಎಂಬೆಡೆಡ್ ಕೋರ್ಸ್ ನಡೆಸುತ್ತಿದೆ. ಮಂಗಳೂರಿನಿಂದ ಬೆಂಗಳೂರಿಗಿಂತ ಅದೇ ಹತ್ತಿರ, ರೈಲು ಹತ್ತಿದರೆ ಆಯಿತು. ಅದೂ ಸರ್ಕಾರಿ ಸಂಸ್ಥೆಯೇ.

ಖಾಸಗಿ ಇನ್‌ಸ್ಟಿಟ್ಯೂಟ್‌ಗಳ ವಿಷಯಕ್ಕೆ ಬಂದರೆ, "ಖಾಸಗಿ ಅಂದರೆ ಮೋಸ" ಎನ್ನುವವರ ಜೊತೆ ನಾನು ಸೇರುವುದಿಲ್ಲ. ಬೆಂಗಳೂರಿನಲ್ಲಿ ನಿಜಕ್ಕೂ ಚೆನ್ನಾಗಿ ಕಲಿಸುವವರಿದ್ದಾರೆ. ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ, ನಿಧಾನವಾಗಿ ಮೊದಲಿಂದ ಕಲಿಯಬೇಕಾದವರಿಗೆ, ಡೌಟನ್ನು ಕನ್ನಡದಲ್ಲಿ ಕೇಳಿದರೆ ಮಾತ್ರ ಬಾಯಿ ಬರುವವರಿಗೆ ಇದೇ ಸರಿಯಾದ ಜಾಗ. ಕೊನೆಯದು ಸಣ್ಣ ವಿಷಯವಲ್ಲ. ತುಮಕೂರಿನಿಂದಲೋ ಗದಗಿನಿಂದಲೋ ಬಂದ ಹುಡುಗಿಯೊಬ್ಬಳು "ಸಿಯಲ್ಲಿ ವೋಲಟೈಲ್ ಎಂಬ ಪದ ಯಾಕೆ ಬೇಕು" ಎಂದು ಮೂರು ಸಲ ಕನ್ನಡದಲ್ಲಿ ಕೇಳಿ ಅರ್ಥಮಾಡಿಕೊಂಡರೆ, ಇಂಟರ್‌ವ್ಯೂನಲ್ಲಿ ಅದನ್ನು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ನಮಗೆ ಸಾಕು. ಇಂಗ್ಲಿಷ್ ಸರಾಗವಾಗಿದ್ದು ವಿಷಯ ಗೊತ್ತಿಲ್ಲದಿದ್ದರೆ ಅದು ನಡೆಯುವುದಿಲ್ಲ.

ಆದರೆ ಸೇರುವ ಮೊದಲು ಕೆಲವು ವಿಚಾರ ಕೆದಕಿ ನೋಡಿ. ಡೆಮೊ ಕ್ಲಾಸ್ ತೆಗೆದುಕೊಂಡ ವ್ಯಕ್ತಿಯೇ ಪೂರ್ತಿ ಕಲಿಸುತ್ತಾರಾ? ಎಷ್ಟೋ ಕಡೆ ಡೆಮೊಗೆ ಹಿರಿಯರು ಬಂದು, ಎರಡನೇ ವಾರದಿಂದ ಹಿಂದಿನ ಬ್ಯಾಚಿನ ಹುಡುಗರೇ ಪಾಠ ಮಾಡುತ್ತಾರೆ. ಒಬ್ಬರಿಗೆ ಒಂದು ಬೋರ್ಡಾ, ನಾಲ್ವರಿಗೆ ಒಂದಾ? ಬೋರ್ಡನ್ನು ಮನೆಗೆ ಒಯ್ಯಬಹುದಾ? ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಇದೆ ಎಂದರೆ ಅದರ ಮೇಲೆ ಧೂಳು ಕೂತಿದೆಯಾ ಎಂದು ನೋಡಿ, ತಮಾಷೆಗಲ್ಲ. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಎಂದರೆ ಅದನ್ನೇ ಬರವಣಿಗೆಯಲ್ಲಿ ಕೇಳಿ. ಹೆಚ್ಚಿನವರು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂದು ಬದಲಿಸಿ ಬರೆಯುತ್ತಾರೆ. ಎರಡಕ್ಕೂ ವ್ಯತ್ಯಾಸ ಬಹಳ. ಸಂಬಳದಿಂದ ಆಮೇಲೆ ಫೀ ಕಟ್ಟಿ ಎನ್ನುವ ಒಪ್ಪಂದವಿದ್ದರೆ, ಕೆಲಸ ಬಿಟ್ಟರೆ ಏನು ಎಂಬ ಷರತ್ತನ್ನು ಮನೆಯಲ್ಲಿ ಹಿರಿಯರ ಜೊತೆ ಕೂತು ಓದಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಎಂದರೆ ಅಲ್ಲಿಗೇ ಕೈ ಮುಗಿದು ಬನ್ನಿ.

ಹಾಗಾದರೆ ಎರಡರಲ್ಲಿ ಯಾವುದು? ಸಿ ಭಾಷೆ, ಡಿಜಿಟಲ್ ಎರಡೂ ಒಂದು ಮಟ್ಟಕ್ಕೆ ಬರುತ್ತವೆ ಎಂದಾದರೆ ಸಿ-ಕ್ಯಾಟ್ ಬರೆಯಿರಿ. ಒಳ್ಳೆಯ ರ್‍ಯಾಂಕ್ ಬಂದರೆ ಯೋಚನೆ ಮಾಡದೆ ಸೇರಿ. ರ್‍ಯಾಂಕ್ ಬರದಿದ್ದರೆ, ಆ ಡೆಮೊ ಪರೀಕ್ಷೆ ಪಾಸಾದ ಖಾಸಗಿ ಜಾಗ ಹುಡುಕಿ. ಎರಡೂ ಇಲ್ಲದಿದ್ದರೆ ದುಡ್ಡು ಉಳಿಸಿ, ಮುಂದೆ ಹೇಳುವ ಮನೆಯ ದಾರಿ ಹಿಡಿಯಿರಿ. ಕಳಪೆ ಕೋರ್ಸಿಗಿಂತ ಅದು ಎಷ್ಟೋ ಮೇಲು.

ಎಂ.ಟೆಕ್ ಬೇರೆಯದೇ ಲೆಕ್ಕ

ಗೇಟ್ ಬರೆದು ಎಂ.ಟೆಕ್ ಮಾಡುವುದನ್ನು ಈ ಸಾಲಿನಲ್ಲಿ ಸೇರಿಸುವುದು ಸರಿಯಲ್ಲ. ಎರಡು ವರ್ಷ ಹೋಗುತ್ತದೆ. ಆದರೆ ಗೇಟ್ ಸ್ಕೋರ್ ಇದ್ದು ಐಐಟಿ, ಎನ್‌ಐಟಿಗಳಲ್ಲಿ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಬೆಂಗಳೂರಿನ ಐಐಎಸ್‌ಸಿಯ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗ, ಅಂದರೆ ಹಳಬರು ಈಗಲೂ ಸಿಇಡಿಟಿ ಎನ್ನುವ ಜಾಗ, ಬೋರ್ಡ್ ಕಟ್ಟಿ ಕಲಿಸುವುದಕ್ಕೇ ಹೆಸರಾದದ್ದು. ಅಲ್ಲಿ ಸೀಟು ಸಿಗುವವರಿಗೆ ಈ ಬರಹ ಬೇಕಾಗಿಲ್ಲ! ಗೇಟ್ ಇಲ್ಲದೆ, ಲ್ಯಾಬ್ ಚೆನ್ನಾಗಿಲ್ಲದ ಕಾಲೇಜಿನಲ್ಲಿ ದುಡ್ಡು ಕಟ್ಟಿ ಎಂ.ಟೆಕ್ ಮಾಡುವುದಾದರೆ ಮಾತ್ರ ಎರಡು ಸಲ ಯೋಚಿಸಿ.

ಕೆಲಸದಲ್ಲಿದ್ದು ಕಲಿಯುವವರಿಗೆ: ವಿಡಿಯೊ ಪುಕ್ಕಟೆ, ಬೋರ್ಡಿಗೆ ದುಡ್ಡು

ಟೆಸ್ಟಿಂಗ್‌ನಲ್ಲೋ ಸಪೋರ್ಟ್‌ನಲ್ಲೋ ಸಿಕ್ಕಿಕೊಂಡು, ಫರ್ಮ್‌ವೇರ್ ಕಡೆ ಬರಬೇಕು ಎನ್ನುವವರು ಜಾಸ್ತಿ. ಅವರಿಗೆ ಆರು ತಿಂಗಳು ಕೆಲಸ ಬಿಡುವುದು ಆಗದ ಮಾತು. ಅದರ ಅಗತ್ಯವೂ ಇಲ್ಲ.

ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟೆಲ್‌ನಲ್ಲಿ ಪಾಠ ನೋಡಲು ಒಂದು ಪೈಸೆ ಬೇಡ. ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ 1,000 ರೂಪಾಯಿ. ಅಸೈನ್‌ಮೆಂಟ್‌ಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಇಲ್ಲಿರುವ ಎಂಬೆಡೆಡ್ ಕೋರ್ಸ್‌ಗಳಲ್ಲಿ ನಾನು ಮೊದಲು ಹೇಳುವುದು ಧನಂಜಯ ಗದ್ರೆ ಅವರು ಕಲಿಸುವ ಪರಿಚಯ ಕೋರ್ಸನ್ನು. ಅವರು ಎಂಎಸ್‌ಪಿ430 ಚಿಪ್ ಹಾಕಿದ, ಲಂಚ್‌ಬಾಕ್ಸ್ ಎಂಬ ಪುಟ್ಟ ಬೋರ್ಡ್ ಇಟ್ಟುಕೊಂಡು ಪಾಠ ಮಾಡುತ್ತಾರೆ. ಪವರ್ ಸಪ್ಲೈ ಹೇಗೆ ಆರಿಸಬೇಕು, ಬಟನ್ ಹೇಗೆ ಜೋಡಿಸಬೇಕು ಎಂಬಲ್ಲಿಂದ ಹೇಳುತ್ತಾರೆ. ಕಪ್ಪು ಹಲಗೆಯ ಮೇಲೆ ಬ್ಲಾಕ್ ಡಯಾಗ್ರಾಂ ಬರೆದು ಮುಗಿಸುವ ಪಾಠಗಳಿಗೂ ಇದಕ್ಕೂ ಅಜಗಜಾಂತರ. ಐಐಟಿ ಖರಗ್‌ಪುರದ ರಾಜೀಬ್ ಮಾಲ್ ಅವರ ರಿಯಲ್ ಟೈಮ್ ಸಿಸ್ಟಮ್ಸ್ ಪಾಠ ಪೂರ್ತಿ ಥಿಯರಿ. ಆದರೆ ಶೆಡ್ಯೂಲಿಂಗ್ ಲೆಕ್ಕ ಯಾಕೆ ಹಾಗಿದೆ ಎಂದು ತಿಳಿಯಬೇಕಾದವರು ಅದನ್ನು ಬಿಡಬಾರದು.

ಟೆಕ್ಸಸ್ ವಿಶ್ವವಿದ್ಯಾಲಯದ ವಲ್ವಾನೊ ಮತ್ತು ಯರ್ರಬಳ್ಳಿ ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣಕ್ಕೆ ಮಾಡಿದ ಕೋರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ನಿಮ್ಮ ಮೇಜಿನ ಮೇಲಿನ ಟಿಎಂ4ಸಿ123 ಲಾಂಚ್‌ಪ್ಯಾಡನ್ನೇ ಗ್ರೇಡರ್ ಪರೀಕ್ಷಿಸುತ್ತದೆ. ಕೋಡ್ ಚೆನ್ನಾಗಿ ಕಾಣುತ್ತದೆ ಎಂದು ಅಂಕ ಬರುವುದಿಲ್ಲ, ಪಿನ್ನಿನಲ್ಲಿ ಸಿಗ್ನಲ್ ಸರಿ ಬರಬೇಕು. ನನ್ನ ಅಳತೆಗೆ ಇದು ಸರಿಯಾಗಿ ಕೂರುತ್ತದೆ. ಎನ್‌ಪಿಟೆಲ್ ಪರೀಕ್ಷೆ ಕೇಳುವುದು ಉತ್ತರವನ್ನು, ಇದು ಕೇಳುವುದು ಕೆಲಸ ಮಾಡುವ ಬೋರ್ಡನ್ನು.

ಚಿಪ್ ಕಂಪನಿಗಳ ಪುಕ್ಕಟೆ ಪಾಠಗಳನ್ನು ನಮ್ಮವರು ಯಾಕೋ ಕಡೆಗಣಿಸುತ್ತಾರೆ. ನಾರ್ಡಿಕ್ ಕಂಪನಿಯ ಡೆವಲಪರ್ ಅಕಾಡೆಮಿ ಒಂದು ಒಳ್ಳೆಯ ಉದಾಹರಣೆ. ಬ್ಲೂಟೂತ್ ಲೋ ಎನರ್ಜಿ ಕಲಿಯಲು ಅದಕ್ಕಿಂತ ಅಚ್ಚುಕಟ್ಟಾದ ಪಾಠ ನಾನು ಕಂಡಿಲ್ಲ. ಎಸ್‌ಟಿ, ಮೈಕ್ರೊಚಿಪ್ ಕಂಪನಿಗಳಲ್ಲೂ ಇವೆ. ಇವೆಲ್ಲದರ ಮಿತಿಯೂ ಒಂದೇ: ಅವರಿಗೆ ಅವರ ಚಿಪ್ ಮಾರಬೇಕು. ಅವರ ಲೈಬ್ರರಿಯ ಫಂಕ್ಷನ್ ಹೆಸರು ಕಲಿಯುತ್ತೀರಿ, ಒಳಗಿನ ರಿಜಿಸ್ಟರ್ ಕಾಣುವುದಿಲ್ಲ. ನಾರ್ಡಿಕ್‌ನದ್ದು ಜೆಫಿರ್ ಮೇಲೆ ಕಟ್ಟಿದ್ದರಿಂದ ಬೇರೆ ಚಿಪ್ಪಿಗೂ ಒಂದಷ್ಟು ಉಪಯೋಗಕ್ಕೆ ಬರುತ್ತದೆ. ಜೆಫಿರ್ ಒಂದು ಆರ್‌ಟಿಓಎಸ್, 2016ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿರುವ ಯೋಜನೆ, ಹಲವು ಕಂಪನಿಗಳ ಚಿಪ್ ಅದರಲ್ಲಿ ಓಡುತ್ತವೆ.

ಬೋರ್ಡ್ ಯಾವುದು ಕೊಳ್ಳಬೇಕು ಎಂದು ಕೇಳುವವರಿಗೆ: ಎಸ್‌ಟಿಯ ನ್ಯೂಕ್ಲಿಯೊ. ಅದರಲ್ಲಿ ಡೀಬಗರ್ ಬೋರ್ಡಿನ ಮೇಲೆಯೇ ಇದೆ, ಯುಎಸ್‌ಬಿ ಕೇಬಲ್ ಚುಚ್ಚಿದರೆ ಬ್ರೇಕ್‌ಪಾಯಿಂಟ್ ಹಾಕಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ, ಬ್ಲೂ ಪಿಲ್ ಎಂಬ ಎಸ್‌ಟಿಎಂ32 ಬೋರ್ಡುಗಳಲ್ಲಿ ನಕಲಿ ಚಿಪ್ಪಿನ ಕಾಟ ಜಾಸ್ತಿ. ಕಲಿಯುವ ಹೊತ್ತಿನಲ್ಲಿ ತಪ್ಪು ನಿಮ್ಮದಾ ಚಿಪ್ಪಿನದ್ದಾ ಎಂಬ ಅನುಮಾನ ಬೇಡ. ಡೀಬಗರ್ ಇಲ್ಲದ ಬೋರ್ಡಿನಲ್ಲಿ ಪ್ರಿಂಟ್‌ಎಫ್ ಹಾಕಿಕೊಂಡು ಕಲಿಯುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದಂತೆ. ಇದರ ಜೊತೆಗೆ ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್ ಒಂದನ್ನು ತೆಗೆದುಕೊಳ್ಳಿ. ಪಲ್ಸ್‌ವ್ಯೂ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಚಿಪ್‌ಗಳು ತಮ್ಮೊಳಗೆ ಮಾತಾಡುವ ಯುಆರ್ಟ್, ಐ2ಸಿ, ಎಸ್‌ಪಿಐ ಎಲ್ಲವನ್ನೂ ಅದು ಬಿಡಿಸಿ ತೋರಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಫ್ರೀಆರ್‌ಟಿಓಎಸ್ ಎಂಬ ಪುಕ್ಕಟೆ ಆರ್‌ಟಿಓಎಸ್‌ನಲ್ಲಿ ಮೂರು ಟಾಸ್ಕ್ ಮಾಡಿ: ಮೇಲಿನ, ನಡುವಿನ, ಕೆಳಗಿನ ಪ್ರಿಯಾರಿಟಿ. ಮೇಲಿನದ್ದೂ ಕೆಳಗಿನದ್ದೂ ಒಂದೇ ಲಾಕ್ ಬಳಸಲಿ. ನಡುವಿನದ್ದು ಸುಮ್ನೆ ಸಿಪಿಯು ತಿನ್ನಲಿ. ಲಾಕ್‌ಗೆ ಮೊದಲು ಬೈನರಿ ಸೆಮಫೋರ್ ಹಾಕಿ ಓಡಿಸಿ. ಕೆಳಗಿನ ಟಾಸ್ಕ್ ಲಾಕ್ ಹಿಡಿದ ಹೊತ್ತಿಗೇ ನಡುವಿನದ್ದು ಎದ್ದು ಕೂರುತ್ತದೆ, ಮೇಲಿನದ್ದು ಕಾಯುತ್ತ ನಿಲ್ಲುತ್ತದೆ. ಈಗ ಅದೇ ಜಾಗದಲ್ಲಿ ಮ್ಯೂಟೆಕ್ಸ್ ಹಾಕಿ. ಫ್ರೀಆರ್‌ಟಿಓಎಸ್‌ನ ಮ್ಯೂಟೆಕ್ಸ್‌ಗೆ ಪ್ರಿಯಾರಿಟಿ ಇನ್‌ಹೆರಿಟೆನ್ಸ್ (ಲಾಕ್ ಹಿಡಿದ ಕೆಳಗಿನ ಟಾಸ್ಕ್‌ಗೆ, ಕಾಯುತ್ತಿರುವ ಮೇಲಿನದರ ಪ್ರಿಯಾರಿಟಿ ಆ ಹೊತ್ತಿಗೆ ಸಿಗುವುದು) ಇದೆ, ಬೈನರಿ ಸೆಮಫೋರ್‌ಗೆ ಇಲ್ಲ. ಪ್ರತಿ ಟಾಸ್ಕ್‌ಗೂ ಒಂದೊಂದು ಪಿನ್ ಕೊಟ್ಟು ಲಾಜಿಕ್ ಅನಲೈಸರ್‌ನಲ್ಲಿ ಎರಡೂ ಚಿತ್ರ ತೆಗೆದಿಟ್ಟುಕೊಳ್ಳಿ. 1997ರಲ್ಲಿ ಮಂಗಳ ಗ್ರಹದ ಮೇಲೆ ಪಾತ್‌ಫೈಂಡರ್ ನೌಕೆ ಮತ್ತೆಮತ್ತೆ ರೀಸೆಟ್ ಆದದ್ದು ಮೇಲಿನ ಟಾಸ್ಕ್ ಹೀಗೆ ಕಾಯುತ್ತ ನಿಂತ ಕಾರಣಕ್ಕೆ. ಈ ಕಥೆಯನ್ನು ಎಲ್ಲ ಕ್ಲಾಸಿನಲ್ಲೂ ಹೇಳುತ್ತಾರೆ. ಅದನ್ನು ಮೇಜಿನ ಮೇಲೆ ಮಾಡಿ ತೋರಿಸುವವರು ಕಡಿಮೆ. ಇಂಟರ್‌ವ್ಯೂಗೆ ಆ ಎರಡು ಚಿತ್ರ ತಂದವರ ಜೊತೆ ನಾನು ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡಬಲ್ಲೆ.

ಒಬ್ಬರೇ ಕೂತರೆ ಮುಂದುವರಿಯುವುದಿಲ್ಲ ಎನ್ನುವವರು ಐಐಎಸ್‌ಸಿಯ ಮುಂದುವರಿಕೆ ಶಿಕ್ಷಣ ಕೇಂದ್ರದ ಪ್ರೊಫಿಷಿಯೆನ್ಸ್ ಕೋರ್ಸ್‌ಗಳನ್ನು ನೋಡಿ. ಕೆಲಸದಲ್ಲಿರುವವರಿಗೆಂದೇ ಇರುವಂಥವು. ಯಾವ ಸಲ ಯಾವ ವಿಷಯ ಇರುತ್ತದೆ ಎಂಬುದು ಬದಲಾಗುತ್ತದೆ, ಹಾಗಾಗಿ ಪಟ್ಟಿ ನೋಡಿಯೇ ನಿರ್ಧರಿಸಿ.

ಲಿನಕ್ಸ್ ಕಡೆ ಹೋಗುವವರಿಗೆ

ಎರಡು ಮೂರು ವರ್ಷ ಮೈಕ್ರೊಕಂಟ್ರೋಲರ್ ಮೇಲೆ ಕೆಲಸ ಮಾಡಿ ಎಂಬೆಡೆಡ್ ಲಿನಕ್ಸ್‌ಗೆ ದಾಟಬೇಕು ಎನ್ನುವವರಿಗೆ ನನ್ನ ಉತ್ತರ ಬಹಳ ಚಿಕ್ಕದು: ಬೂಟ್‌ಲಿನ್. ಇದು ಫ್ರಾನ್ಸಿನ ಕಂಪನಿ, 2018ರವರೆಗೆ ಫ್ರೀ ಎಲೆಕ್ಟ್ರಾನ್ಸ್ ಎಂಬ ಹೆಸರಿತ್ತು. ದುಡ್ಡು ತೆಗೆದುಕೊಂಡು ತರಬೇತಿ ಕೊಡುತ್ತಾರೆ. ಆದರೆ ಅದೇ ತರಬೇತಿಯ ಎಲ್ಲ ಸ್ಲೈಡ್, ಎಲ್ಲ ಲ್ಯಾಬ್ ಪುಸ್ತಕವನ್ನೂ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಪುಕ್ಕಟೆ ಬಿಟ್ಟಿದ್ದಾರೆ. ಟೂಲ್‌ಚೈನ್ ಕಟ್ಟುವುದು, ಯು-ಬೂಟ್, ಕರ್ನಲ್, ಬ್ಯುಸಿಬಾಕ್ಸ್, ಬಿಲ್ಡ್‌ರೂಟ್ ಒಂದೊಂದಾಗಿ ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ. ಕರ್ನಲ್ ಡ್ರೈವರ್ ಲ್ಯಾಬಿನಲ್ಲಿ ನಿಂಟೆಂಡೊ ವೀ ಆಟದ ನನ್‌ಚಕ್ ಕಂಟ್ರೋಲರನ್ನು ಐ2ಸಿ ತಂತಿಗೆ ಜೋಡಿಸಿ, ಅದಕ್ಕೆ ಡ್ರೈವರ್ ಬರೆಯಬೇಕು. ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಎಂದು ಲಿನಕ್ಸ್‌ಗೆ ಹೇಳುವ ಫೈಲ್) ಅದರ ವಿಳಾಸ ಹೆಕ್ಸ್ 52 ಎಂದು ಬರೆದು, ಪ್ರೋಬ್ ಫಂಕ್ಷನ್‌ಗೆ ಕರೆ ಬಂದದ್ದನ್ನು ಲಾಗ್‌ನಲ್ಲಿ ನೋಡಿ, ಬಟನ್ ಒತ್ತಿದರೆ ಇನ್‌ಪುಟ್ ಈವೆಂಟ್ ಬರುವವರೆಗೆ. "ಹಲೋ ವರ್ಲ್ಡ್" ಮಾಡ್ಯೂಲ್ ಲೋಡ್ ಮಾಡಿ, ಡ್ರೈವರ್ ಕಲಿಸಿದೆವು ಎನ್ನುವ ಕೋರ್ಸ್‌ಗಳನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾದರೆ ದುಡ್ಡು ಕೊಟ್ಟು ಲಿನಕ್ಸ್ ಕ್ಲಾಸಿಗೆ ಯಾಕೆ ಹೋಗಬೇಕು? ಒಂದೇ ಕಾರಣ, ಸಿಕ್ಕಿಹಾಕಿಕೊಂಡಾಗ ಬಿಡಿಸಲು ಒಬ್ಬರು ಬೇಕು. ಆಫೀಸಿನಲ್ಲಿ ಅಂಥ ಹಿರಿಯರೊಬ್ಬರು ಇದ್ದರೆ ಕ್ಲಾಸ್ ಬೇಡ.

ಹಾರ್ಡ್‌ವೇರ್ ಕಲಿಯುವವರ ಪಾಡು

ಇದು ನಿಜಕ್ಕೂ ಬರಗಾಲದ ಜಾಗ. ಎಂಬೆಡೆಡ್ ಕೋರ್ಸ್ ಎಂದು ಹೆಸರಿಟ್ಟುಕೊಂಡವುಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ಕೋರ್ಸ್‌ಗಳೇ. ಬೋರ್ಡ್ ರೆಡಿ ಇರುತ್ತದೆ, ಕೋಡ್ ಮಾತ್ರ ನಿಮ್ಮದು. ಬೋರ್ಡನ್ನೇ ಡಿಸೈನ್ ಮಾಡುವವರು ಎಲ್ಲಿ ಕಲಿಯಬೇಕು? ಪಿಸಿಬಿ ಕೋರ್ಸ್ ಎಂದು ನಡೆಯುವ ಎಷ್ಟೋ ಕಡೆ ಕಲಿಸುವುದು ಒಂದು ಟೂಲಿನ ಮೆನು. ಎಲ್ಲಿ ಕ್ಲಿಕ್ ಮಾಡಿದರೆ ಟ್ರ್ಯಾಕ್ ಬರುತ್ತದೆ ಎಂಬುದು ಕಿಕ್ಯಾಡ್ ಎಂಬ ಪಿಸಿಬಿ ಡಿಸೈನ್ ಸಾಫ್ಟ್‌ವೇರ್ ಇಳಿಸಿಕೊಂಡು ಒಂದು ವಾರ ಕೂತರೆ ಬರುವಂಥದ್ದು. ಅದೂ ಪುಕ್ಕಟೆ.

ಒಳ್ಳೆಯ ಹಾರ್ಡ್‌ವೇರ್ ಪಾಠ ಹೇಗಿರಬೇಕು ಎಂಬುದಕ್ಕೆ ಐ2ಸಿಯನ್ನೇ ತೆಗೆದುಕೊಳ್ಳೋಣ. ಎಲ್ಲರೂ ಕಣ್ಣುಮುಚ್ಚಿ 4.7 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ (ಸಿಗ್ನಲ್ ತಂತಿಯನ್ನು ಮೇಲಿನ ವೋಲ್ಟೇಜಿಗೆ ಎಳೆಯುವುದು) ಹಾಕುತ್ತಾರೆ. 400 ಕಿಲೋಹರ್ಟ್ಸ್ ವೇಗದಲ್ಲಿ ಸಿಗ್ನಲ್ ಏರಲು ಹೆಚ್ಚೆಂದರೆ 300 ನ್ಯಾನೊಸೆಕೆಂಡ್ ಸಮಯವಿದೆ. ಏರುವ ಸಮಯ ಎಂದರೆ ಸುಮಾರು 0.85 ಗುಣಿಸು ರೆಸಿಸ್ಟರ್ ಗುಣಿಸು ಬಸ್ ಕೆಪಾಸಿಟೆನ್ಸ್. ತಂತಿ, ಕನೆಕ್ಟರ್, ಎರಡು ಮೂರು ಸೆನ್ಸರ್ ಸೇರಿ 100 ಪಿಕೊಫ್ಯಾರಡ್ ಆಯಿತು ಎನ್ನಿ. 4.7 ಕಿಲೋಓಮ್‌ಗೆ ಲೆಕ್ಕ ಹಾಕಿದರೆ 400 ನ್ಯಾನೊಸೆಕೆಂಡ್ ಹತ್ತಿರ ಬರುತ್ತದೆ. ಅಂದರೆ ಮಿತಿ ದಾಟಿದೆ. 2.2 ಕಿಲೋಓಮ್ ಹಾಕಿದರೆ 190ರ ಒಳಗೆ. ಮೇಜಿನ ಮೇಲೆ ಕೆಲಸ ಮಾಡಿದ ಬೋರ್ಡ್, ಕೇಬಲ್ ಉದ್ದ ಮಾಡಿದ ಕೂಡಲೇ ಆಗೊಮ್ಮೆ ಈಗೊಮ್ಮೆ ಕೈಕೊಡುವುದು ಹೀಗೆ. ಸಾಫ್ಟ್‌ವೇರ್‌ನವರು ರೀಟ್ರೈ ಹಾಕಿ ಮುಚ್ಚುತ್ತಾರೆ. ರೆಸಿಸ್ಟರ್ ಬದಲಿಸುತ್ತ, ಸ್ಕೋಪಿನಲ್ಲಿ ಆ ಅಂಚು ದುಂಡಗಾಗುವುದನ್ನು ನಿಮಗೇ ತೋರಿಸುವ ಕ್ಲಾಸ್ ಸಿಕ್ಕರೆ ಅದು ಹಾರ್ಡ್‌ವೇರ್ ಕ್ಲಾಸ್.

ಅಂಥ ಕ್ಲಾಸ್ ಸಿಗದವರಿಗೆ ನಾನು ಹೇಳುವ ದಾರಿ ಬೇರೆ. ಚಿಪ್ ಕಂಪನಿಗಳು ತಮ್ಮ ಬೋರ್ಡುಗಳ ಪೂರ್ತಿ ಸ್ಕೀಮ್ಯಾಟಿಕ್, ಲೇಔಟ್ ಫೈಲ್ ಕೊಡುತ್ತವೆ. ನ್ಯೂಕ್ಲಿಯೊದ್ದನ್ನೇ ಇಳಿಸಿಕೊಳ್ಳಿ. ಪ್ರತಿ ಕೆಪಾಸಿಟರ್ ಯಾಕಿದೆ ಎಂದು ಡೇಟಾಶೀಟ್ ಹಿಡಿದು ಓದಿ. ಆಮೇಲೆ ಎರಡು ಲೇಯರಿನ ಸಣ್ಣ ಬೋರ್ಡೊಂದನ್ನು ಕಿಕ್ಯಾಡ್‌ನಲ್ಲಿ ಬಿಡಿಸಿ, ಮಾಡಿಸಿ, ನೀವೇ ಬೆಸುಗೆ ಹಾಕಿ. ಮೊದಲ ಬೋರ್ಡ್ ಕೆಲಸ ಮಾಡದಿದ್ದರೆ ಬಹಳ ಒಳ್ಳೆಯದು. ಒಂದು ಕೋರ್ಸಿನ ಫೀಯಲ್ಲಿ ಇಂಥ ಎಷ್ಟೋ ಬೋರ್ಡ್ ಮಾಡಿಸಬಹುದು.

ಡಿಡಿಆರ್ ಮೆಮೊರಿ, ಗಿಗಾಬಿಟ್ ಈಥರ್ನೆಟ್ ಮಟ್ಟದ ಬೋರ್ಡ್‌ಗಳಿಗೆ ಮಾತ್ರ ಈ ಮನೆಮದ್ದು ಸಾಲದು. ಅಲ್ಲಿ ಸಿಗ್ನಲ್ ಇಂಟೆಗ್ರಿಟಿ, ಅಂದರೆ ವೇಗದ ಸಿಗ್ನಲ್ ಕೆಡದಂತೆ ನೋಡಿಕೊಳ್ಳುವುದನ್ನು, ಕಲಿಯಲೇಬೇಕು. ಅದಕ್ಕೆ ಬೇಕಾದ ಉಪಕರಣ, ಸಾಫ್ಟ್‌ವೇರ್ ಎರಡೂ ದುಬಾರಿ. ಅದನ್ನು ಕಂಪನಿಯ ಖರ್ಚಿನಲ್ಲಿ, ಕಂಪನಿಯ ಬೋರ್ಡ್ ಮೇಲೆ ಕಲಿಯುವುದೇ ಜಾಣತನ.

ಕಂಪನಿ ದುಡ್ಡು ಕೊಡುವಾಗ

ತಂಡಕ್ಕೆ ತರಬೇತಿ ಕೊಡಿಸುವ ಮ್ಯಾನೇಜರ್‌ಗಳಿಗೆ ಒಂದೆರಡು ಮಾತು. ಡೌಲೋಸ್, ಫೀಬಸ್, ಮೈಂಡ್‌ಶೇರ್ ಮುಂತಾದ ತರಬೇತಿ ಕಂಪನಿಯವರು ಕೊಡುವ ಮೂರು ನಾಲ್ಕು ದಿನದ ಕೋರ್ಸ್‌ಗಳು ದುಬಾರಿ, ಆದರೆ ಗಟ್ಟಿ. ಬರುವವರಿಗೆ ಆಗಲೇ ಕೆಲಸ ಗೊತ್ತಿದೆ ಎಂದು ಭಾವಿಸಿಯೇ ಶುರುಮಾಡುತ್ತಾರೆ. ಹಾಗಾಗಿ ಹೊಸಬರನ್ನು ಕಳಿಸಿದರೆ ದುಡ್ಡು ದಂಡ. ಅದೇ ಕಾರ್ಟೆಕ್ಸ್-ಎ (ಲಿನಕ್ಸ್ ಓಡಿಸುವಂಥ ದೊಡ್ಡ ಆರ್ಮ್ ಪ್ರೊಸೆಸರ್) ಮೇಲೆ ಕ್ಯಾಶ್ ತೊಂದರೆಯಲ್ಲಿ ಸಿಕ್ಕಿಕೊಂಡ ತಂಡಕ್ಕೆ ಆ ನಾಲ್ಕು ದಿನ ತಿಂಗಳುಗಳನ್ನು ಉಳಿಸುತ್ತದೆ. ಕರೆಸುವುದಾದರೆ ಅವರ ಡೆಮೊ ಬೋರ್ಡ್ ಜೊತೆಗೆ ನಿಮ್ಮ ಸ್ವಂತ ಬೋರ್ಡ್ ಮೇಲೂ ಅರ್ಧ ದಿನ ಕೊಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಕಾರಿನ ಕೆಲಸ ಮಾಡುವ ತಂಡವಾದರೆ ಕ್ಯಾನ್ (ಕಾರಿನೊಳಗಿನ ಸಂವಹನ ಜಾಲ), ಆಟೋಸಾರ್ (ಕಾರಿನ ಸಾಫ್ಟ್‌ವೇರ್ ಮಾನದಂಡ), ಐಎಸ್‌ಓ 26262 (ಕಾರಿನ ಸುರಕ್ಷತೆಯ ಮಾನದಂಡ) ಇವು ಬೇರೆಯದೇ ಓದು. ಸಾಮಾನ್ಯ ಎಂಬೆಡೆಡ್ ಕೋರ್ಸಿನ ಕೊನೆಗೆ ಒಂದು ವಾರ ಅಂಟಿಸಿದ ಆಟೋಮೋಟಿವ್ ಮಾಡ್ಯೂಲ್ ನಂಬಬೇಡಿ.

ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ಪ್ರೊಸೆಸರ್ ವಿನ್ಯಾಸದ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಇದೆ. ಸಿ-ಡ್ಯಾಕ್‌ನವರೇ ಮಾಡಿದ ವೇಗ ಪ್ರೊಸೆಸರ್‌ಗಳಿವೆ, ಅವರ ತೇಜಸ್32 ಚಿಪ್ ಹಾಕಿದ ಏರೀಸ್ ಬೋರ್ಡ್ ಇದೆ. ಎರಡನೇ ಬೋರ್ಡಾಗಿ ತೆಗೆದುಕೊಳ್ಳಿ. ಆರ್ಮ್‌ನಲ್ಲಿ ಬರೆದ ಒಂದು ಇಂಟರಪ್ಟ್ ಕೋಡನ್ನು ಅದಕ್ಕೆ ದಾಟಿಸಲು ಕೂತರೆ, ಇಷ್ಟು ದಿನ ನಿಮ್ಮ ಪರವಾಗಿ ಹಾರ್ಡ್‌ವೇರೇ ಏನೇನು ಮಾಡುತ್ತಿತ್ತು ಎಂಬುದು ತಿಳಿಯುತ್ತದೆ. ಮೊದಲ ಕೆಲಸ ಹುಡುಕುವವರಿಗೆ ಮಾತ್ರ ಈಗಲೂ ಕಾರ್ಟೆಕ್ಸ್-ಎಂ ಮೊದಲು.

ಕೊನೆಗೆ ಕ್ಯಾಲೆಂಡರ್ ವಿಷಯ. ಎನ್‌ಪಿಟೆಲ್ ಪಾಠಗಳು ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಸಿ-ಡ್ಯಾಕ್ ಬ್ಯಾಚ್‌ಗಳೂ ವರ್ಷಕ್ಕೆ ಎರಡು, ಸಿ-ಕ್ಯಾಟ್ ಅದಕ್ಕೆ ಕೆಲವು ವಾರ ಮೊದಲು. ಜೂನ್-ಜುಲೈನಲ್ಲಿ ಡಿಗ್ರಿ ಮುಗಿಸಿದವರಿಗೆ ಒಂದು ಸಿ-ಕ್ಯಾಟ್ ತಪ್ಪಿಹೋದರೆ ಮುಂದಿನದಕ್ಕೆ ಸುಮಾರು ಅರ್ಧ ವರ್ಷ ಇರುತ್ತದೆ. ಆ ಬಿಡುವಿನಲ್ಲಿ ಗಾಬರಿಯಾಗಿ ಸಿಕ್ಕ ಕೋರ್ಸಿಗೆ ದುಡ್ಡು ಕಟ್ಟುವವರೇ ಜಾಸ್ತಿ. ಅದರ ಬದಲು ಜುಲೈನ ಎನ್‌ಪಿಟೆಲ್ ಪಾಠ ಒಂದು, ನ್ಯೂಕ್ಲಿಯೊ ಬೋರ್ಡ್ ಒಂದು, ಸೆಕ್ಷನ್ ಸಿಗಾಗಿ ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನ ಹಳೆಯ ನೋಟ್ಸ್ ಇಟ್ಟುಕೊಂಡು ಕೂತರೆ, ಪರೀಕ್ಷೆಯ ಹೊತ್ತಿಗೆ ಸಿ-ಡ್ಯಾಕ್ ನಿಮಗೆ ಬೇಕಾ ಬೇಡವಾ ಎಂಬುದೂ ಗೊತ್ತಾಗಿರುತ್ತದೆ. ಕೆಲವರು ಆ ಹೊತ್ತಿಗೆ ಕೆಲಸಕ್ಕೇ ಸೇರಿಬಿಟ್ಟಿರುತ್ತಾರೆ.